ನಲ್ಲಿಯ ಪಕ್ಕದ ತುಂಡು ನೆಲ

ನಿವೃತ್ತಳಾದ ಮೇಲೂ ನಾನು ಐದೂವರೆಗೇ ಏಳುತ್ತಿದ್ದೆ. ಮೈಸೂರಿನ ಹಾಸ್ಟೆಲಿನಲ್ಲಿ ವಾರ್ಡನ್ ಬೆತ್ತ ಹಿಡಿದು ಕಲಿಸಿದ ಅಭ್ಯಾಸ. ಬರ್ಮಿಂಗ್‌ಹ್ಯಾಮಿನಲ್ಲಿ ಜಿಪಿ, ಅಂದರೆ ಬಡಾವಣೆಯ ಡಾಕ್ಟರ್, ಆಗಿದ್ದಷ್ಟು ವರ್ಷವೂ ಅದು ತಪ್ಪಲಿಲ್ಲ. ಎದ್ದ ಮೇಲೆ ಕೆಲಸ ಬೇಕಲ್ಲ, ಅದಕ್ಕೇ ಒಂದು ಅಲಾಟ್‌ಮೆಂಟ್ ಹಿಡಿದೆ. ತರಕಾರಿ ಬೆಳೆದುಕೊಳ್ಳಲು ಕೌನ್ಸಿಲಿನವರು ಬಾಡಿಗೆಗೆ ಕೊಡುವ ತುಂಡು ನೆಲ ಅದು. ನಮ್ಮ ಜಾಗ ಇಳಿಜಾರಿನಲ್ಲಿತ್ತು. ಮೇಲೆ ಗೇಟು, ನಲ್ಲಿ, ಚಹಾ ಕುಡಿಯುವ ಮರದ ಶೆಡ್ಡು. ಕೆಳಗೆ ಜೌಗು, ಅದರಾಚೆ ರೈಲು ಹಳಿ.

ಮೇಲಿನವರೆಲ್ಲ ಬಿಳಿಯರು. ಕೆಳಗೆ ಕೊತ್ತಂಬರಿ ಬೆಳೆಯುವ ಪಾಕಿಸ್ತಾನಿ ಹೆಂಗಸರು, ಇಬ್ಬರು ಪಂಜಾಬಿ ಅಣ್ಣತಮ್ಮಂದಿರು, ಮೆಂತ್ಯ ಬಿತ್ತುವ ನಾನು, ನನ್ನ ಪಕ್ಕದಲ್ಲಿ ಜಮೈಕಾದಿಂದ ಬಂದ ಒಬ್ಬರು ಮುದುಕರು. ಹೀಗೇ ಇರಬೇಕೆಂದು ಯಾರೂ ಬೋರ್ಡು ಹಾಕಿರಲಿಲ್ಲ. ಮೇಲೆ ಖಾಲಿಯಾದದ್ದು ಮೇಲಿನವರ ಗೆಳೆಯರಿಗೆ ಹೋಗುತ್ತಿತ್ತು, ಅಷ್ಟೆ. ನನ್ನ ಕ್ಲಿನಿಕ್ಕಿನಲ್ಲಿ ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ಕೆಮ್ಮುತ್ತಿದ್ದರು. ಬಾಗಿಲು ದಾಟಿದರೆ ಅವರವರ ಬೀದಿ, ಅವರವರ ಶಾಲೆ. ಆಗ ಪುರಸೊತ್ತಿಲ್ಲದೆ ನೋಡಿರಲಿಲ್ಲ. ಈಗ ನೋಡದೆ ಇರಲಾಗುತ್ತಿರಲಿಲ್ಲ.

ಮುದುಕರು ಕೆಲಸದಲ್ಲಿದ್ದಷ್ಟು ಕಾಲ ಬಸ್ ಓಡಿಸಿದವರು. ಮಂಡಿ ಸವೆದಿತ್ತು. ಆದರೂ ಮೇಲಿನ ನಲ್ಲಿಯಿಂದ ಎರಡು ಕ್ಯಾನು ನೀರು ಹೊತ್ತು ತರುತ್ತಿದ್ದರು.

"ಭಾರ ಎತ್ತಬೇಡಿ ಅಂತ ಎಷ್ಟು ಸಲ ಹೇಳಲಿ?"

"ನನಗೆ ಕೇಳಿಸಿತು ಡಾಕ್ಟರ್. ಟೊಮೆಟೊಗೆ ಕೇಳಿಸಲಿಲ್ಲ."

ಆ ಬೇಸಿಗೆ ಮಾತ್ರ ಅವರು ನಗಲಿಲ್ಲ. ನೀರು ಹೊರಲಾಗುತ್ತಿಲ್ಲ, ಚಳಿಗಾಲಕ್ಕೆ ನೆಲ ಬಿಟ್ಟುಕೊಡುತ್ತೇನೆ ಎಂದರು. ಹೆಂಡತಿ ತೀರಿಕೊಂಡ ಮೇಲೆ ಅವರು ಮನೆಯಿಂದ ಹೊರಗೆ ಬರುತ್ತಿದ್ದದ್ದು ಇಲ್ಲಿಗೆ ಮಾತ್ರ. ಇದೂ ಹೋದರೆ ಏನಾಗುತ್ತದೆಂದು ವೈದ್ಯಳಾಗಿ ನನಗೆ ಗೊತ್ತಿತ್ತು.

ಅದೇ ಹೊತ್ತಿಗೆ ನಲ್ಲಿಯ ಪಕ್ಕದ ನೆಲ ಖಾಲಿಯಾಯಿತು. ನೆಲ ಹಂಚುವ ಕಮಿಟಿಯಲ್ಲಿ ನಾನೂ ಇದ್ದೆ; ಸಭೆ ಹೊತ್ತಿಗೆ ಸರಿಯಾಗಿ ಶುರುವಾಗಿ ಹೊತ್ತಿಗೆ ಸರಿಯಾಗಿ ಮುಗಿಯಲೆಂದು ಕರೆದುಕೊಂಡಿದ್ದರು. ಅಧ್ಯಕ್ಷರು ನನಗೆ ಬಿಸ್ಕತ್ತು ದಾಟಿಸುತ್ತ, "ಅದು ನಿಮಗೇ, ಡಾಕ್ಟರ್. ಪಾತಿ ಇಷ್ಟು ಅಚ್ಚುಕಟ್ಟಾಗಿ ಇಡುವವರು ಯಾರಿದ್ದಾರೆ?" ಎಂದರು.

ಮುದುಕರಿಗೆ ಕೊಡೋಣ ಎಂದೆ.

"ಅವರು ಕೆಳಗೆ ತಮ್ಮವರ ಜೊತೆ ಆರಾಮಾಗಿದ್ದಾರಲ್ಲ?"

"ಅವರ ಪಕ್ಕದಲ್ಲಿರುವುದು ನಾನು. ನಾನು ಜಮೈಕಾದವಳಲ್ಲ."

ಎಲ್ಲರೂ ನಕ್ಕರು. ಅಧ್ಯಕ್ಷರೂ ನಕ್ಕರು. ಕೆಟ್ಟ ಮನುಷ್ಯರಲ್ಲ ಅವರು. ಬೇಕಿದ್ದರೆ ಮುದುಕರೇ ಮುಂದಿನ ಭಾನುವಾರ ಶೆಡ್ಡಿನಲ್ಲಿ ನಡೆಯುವ ಸಭೆಗೆ ಬಂದು ಕೇಳಲಿ, ಬರದಿದ್ದರೆ ನೆಲ ಬೇರೆಯವರಿಗೆ ಎಂದು ತೀರ್ಮಾನವಾಯಿತು.

ನಾನು ಕೆಳಗಿಳಿದು ಮುದುಕರಿಗೆ ಹೇಳಿದೆ. ಅವರು ಮಗುಚಿದ ಬಕೆಟ್ಟಿನ ಮೇಲೆ ಕೂತಿದ್ದರು. ಎಂದಿನಂತೆ ಮನೆಯಲ್ಲೇ ಮಾಡಿದ ಶುಂಠಿ ಪಾನಕದ ಬಾಟಲಿ ಕೊಟ್ಟರು. ಎಂದಿನಂತೆ ನಾನು ತಲೆ ಹಿಂದಕ್ಕೆ ಬಾಗಿಸಿ, ತುಟಿ ಸೋಕದಂತೆ ಎತ್ತಿ ಕುಡಿದೆ.

"ಆ ಶೆಡ್ಡಿಗೆ ನಾನು ಬರಲ್ಲ," ಎಂದರು. "ಒಂದು ಸಲ ಹೋಗಿದ್ದೆ. ಎಲ್ಲರ ಮಗ್ಗೂ ಕೊಕ್ಕೆಯಲ್ಲಿ ನೇತಾಡುತ್ತಿತ್ತು. ಯಾರೂ ಹೊರಗೆ ಹೋಗು ಅನ್ನಲಿಲ್ಲ. ಕುಡಿಯೋಕೆ ಮಗ್ಗು ಮಾತ್ರ ಇರಲಿಲ್ಲ."

"ಮಗ್ಗಿನ ವಿಷಯಕ್ಕೆ ಯಾರಾದರೂ ಇಷ್ಟು ಮುನಿಸಿಕೊಳ್ಳುತ್ತಾರಾ?"

ಅವರು ಬಾಟಲಿಯನ್ನೇ ನೋಡಿದರು. "ನೀವೂ ನನ್ನ ಬಾಟಲಿಗೆ ಬಾಯಿ ಇಡಲ್ಲ ಡಾಕ್ಟರ್. ಇಷ್ಟು ವರ್ಷದಿಂದ ನೋಡ್ತಾ ಇದ್ದೀನಿ."

ನನಗೆ ಸಿಟ್ಟು ಬಂತು. ಇದು ನಮ್ಮ ಮನೆಯಲ್ಲಿ ಕಲಿಸಿದ್ದು, ತಂಗಿಯ ಲೋಟದಲ್ಲಿಯೂ ಹೀಗೇ ಕುಡಿಯುತ್ತೇವೆ, ಎಂಜಲಾದರೆ ನಿಮಗೇ ಅಸಹ್ಯವಲ್ಲವೇ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಎಲ್ಲವೂ ನಿಜ. ಹೇಳುತ್ತಿರುವಾಗಲೇ ಊರಿನ ನಮ್ಮ ಹಿತ್ತಿಲ ಗೋಡೆ ನೆನಪಾಯಿತು. ಅದರ ಮೇಲೆ ಕೆಲಸದವಳಿಗೆಂದೇ ಒಂದು ಲೋಟ ಬೋರಲು ಹಾಕಿರುತ್ತಿತ್ತು. ಅದಕ್ಕೂ ನಮ್ಮ ಮನೆಯಲ್ಲಿ ಕಾರಣವಿತ್ತು.

"ಇರಬಹುದು," ಎಂದರು ಮುದುಕರು. "ಎಲ್ಲರ ಹತ್ತಿರವೂ ಒಂದು ಒಳ್ಳೇ ಕಾರಣ ಇರುತ್ತೆ."

ರೈಲೊಂದು ಹೋಯಿತು. ನಾನು ಬಾಟಲಿ ತೆಗೆದುಕೊಂಡು ಬಾಯಿಗಿಟ್ಟೆ. ಗಾಜು ಬೆಚ್ಚಗಿತ್ತು. ನಿಜ ಹೇಳಬೇಕೆಂದರೆ ಗಂಟಲು ಒಪ್ಪಲಿಲ್ಲ; ಮುಕ್ಕಾಲು ಗುಟುಕು ಗಲ್ಲದ ಮೇಲೆ ಹರಿಯಿತು.

"ಅಯ್ಯೋ, ಇಷ್ಟು ಕಷ್ಟವಾ!" ಎಂದು ಅವರು ಮಂಡಿ ಹಿಡಿದುಕೊಂಡು ನಕ್ಕರು. ಬರುತ್ತೇನೆ ಎಂದೂ ಹೇಳಲಿಲ್ಲ, ಬರಲ್ಲ ಎಂದೂ ಹೇಳಲಿಲ್ಲ.

ವಾರವಿಡೀ ಸರಿಯಾಗಿ ನಿದ್ದೆ ಬರಲಿಲ್ಲ. ಭಾನುವಾರ ಮನೆಯಿಂದ ಎರಡು ಮಗ್ಗು ಒಯ್ದೆ. ಅಷ್ಟು ವರ್ಷ ಕಮಿಟಿಯವರ ಮಗ್ಗುಗಳಲ್ಲೇ ಕುಡಿದಿದ್ದೆ; ನನ್ನದೂ ಒಂದು ಶೆಡ್ಡಿನಲ್ಲಿರಲಿಲ್ಲ. ಕೊಕ್ಕೆ ಖಾಲಿ ಇರಲಿಲ್ಲ, ಮೇಜಿನ ಮೇಲಿಟ್ಟೆ. ಕಿಟಕಿಯಿಂದ ಇಳಿಜಾರು ಪೂರ್ತಿ ಕಾಣುತ್ತಿತ್ತು. ಕೋಲು ಊರಿಕೊಂಡು ಮುದುಕರು ಅರ್ಧ ದಾರಿ ಬಂದಿದ್ದರು. ಅಲ್ಲೇ ನಿಂತರು. ಉಸಿರಿಗೋ, ಯೋಚನೆಗೋ ಗೊತ್ತಾಗಲಿಲ್ಲ.

ಅಧ್ಯಕ್ಷರು ಕೈಗಡಿಯಾರ ನೋಡಿ, "ಹೊತ್ತಾಯಿತು. ಡಾಕ್ಟರ್, ಶುರು ಮಾಡೋಣವಾ?" ಎಂದರು.

ಜೀವಮಾನದಲ್ಲಿ ಯಾರಿಗಾಗಿಯೂ ಸಭೆ ತಡಮಾಡಿದವಳಲ್ಲ ನಾನು.

"ಇಲ್ಲ, ಕಾಯೋಣ," ಎಂದು ಎದ್ದು ಹೋಗಿ ಬಾಗಿಲು ತೆರೆದು ಹಿಡಿದೆ.