ಬೆಳಗಿನ ಕಂಡಿಕೆ

ಮುನಾವರನಿಗೆ ಅವಸರ ಕಲಿಸಿದವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆದ ತಪ್ಪಿಗೆ ಊರವರು ಅವನ ಹೆಸರು ಮಾತ್ರ ಹೇಳುತ್ತಾರೆ.

ಗಜೇಂದ್ರಗಡದ ಬಸ್ ನಿಲ್ದಾಣದ ಎದುರು ಅವನದು ಎರಡು ಕಂಪ್ಯೂಟರಿನ ಅಂಗಡಿ. ತಾಯಿ ರಾಜಮಾ ಸೀರೆ ನೇಯುವಾಕೆ. ನಾನು ಪ್ರಭುಲಿಂಗಪ್ಪ, ಪಕ್ಕದ ದವಾಖಾನೆಯ ಕಂಪೌಂಡರ್. ರೋಗಿಗೆ ರಕ್ತ ಬೇಕಾದಾಗಲೆಲ್ಲ ಊರೂರಿಗೆ ಫೋನು ಮಾಡಿ ಸಾಕಾಗುತ್ತಿತ್ತು. 2008ರಲ್ಲಿ ಹುಬ್ಬಳ್ಳಿಯ ಸಂಸ್ಥೆಯೊಂದು ಸುತ್ತಲಿನ ರಕ್ತನಿಧಿಗಳ ಪಟ್ಟಿಯನ್ನು ತನ್ನ ಸರ್ವರಿನಲ್ಲಿಟ್ಟು, ಹೊರಗಿನವರ ಪ್ರೋಗ್ರಾಮೂ ಬಂದು ಕೇಳಬಹುದು ಎಂದಿತು. ಅದಕ್ಕೆ ಎಪಿಐ ಅನ್ನುತ್ತಾರಂತೆ. ಮುನಾವರ ತಿಂಗಳುಗಟ್ಟಲೆ ಕೂತು ನನಗಾಗಿ ಪ್ರೋಗ್ರಾಮ್ ಬರೆದ. ರಕ್ತದ ಗುಂಪು ಒತ್ತಿದರೆ ಯಾವ ಊರಲ್ಲಿ ಎಷ್ಟು ಬಾಟಲಿ ಇದೆ ಎಂದು ತೋರಿಸುತ್ತಿತ್ತು. ಆದರೆ ನಮ್ಮೂರ ನೆಟ್ಟಿನಲ್ಲಿ ಪ್ರತಿ ಹುಡುಕಾಟಕ್ಕೂ ನಾಲ್ಕೈದು ನಿಮಿಷ.

ತಾಳಿದವನು ಬಾಳಿಯಾನು ಎಂದು ಊರಿಗೆಲ್ಲ ಹೇಳುವವನು ನಾನು. ನನಗೆ ಮಾತ್ರ ತಾಳ್ಮೆ ಹುಟ್ಟಿನಿಂದಲೇ ಇಲ್ಲ.

"ಇದು ಬರೂದ್ರಾಗ ರೋಗಿ ಮುದುಕ ಆಗ್ತಾನ. ಲಗೂ ಮಾಡೋ," ಎಂದು ದಿನವೂ ಕಾಡಿದೆ.

ಒಂದು ದಿನ ನಗುತ್ತ ಬಂದ. "ಕಾಕಾ, ಅಮ್ಮ ಮುಂಜಾನೆನ ದಿನಕ್ಕ ಬೇಕಾದಷ್ಟು ನೂಲಿನ ಕಂಡಿಕಿ ಸುತ್ತಿ ಇಟ್ಕೋತಾಳ. ಆಮ್ಯಾಲ ಮಗ್ಗ ನಿಲ್ಲೂದ ಇಲ್ಲ. ನಾನೂ ಹಂಗ ಮಾಡೀನಿ."

ಬೆಳಿಗ್ಗೆ ಎಂಟಕ್ಕೆ ಇಡೀ ಪಟ್ಟಿಯನ್ನು ಒಮ್ಮೆ ತರಿಸಿ ತನ್ನ ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳುವುದು, ದಿನವಿಡೀ ಅದರಲ್ಲೇ ಹುಡುಕುವುದು. ಒತ್ತಿದ ಕೂಡಲೇ ಉತ್ತರ. ನಾನು ಬೆನ್ನು ತಟ್ಟಿ ಚಹಾ ಕುಡಿಸಿದೆ. ನೂಲಿನ ಕಂಡಿಕೆ ಸಂಜೆಯವರೆಗೂ ಬುಟ್ಟಿಯಲ್ಲೇ ಇರುತ್ತದೆ, ರಕ್ತದ ಬಾಟಲಿ ಇರುವುದಿಲ್ಲ ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಐದು ತಿಂಗಳು ಹೇಗೋ ನಡೆಯಿತು. ಆಮೇಲೆ ಅವನ ತಂಗಿ ನಾಹೀದ ನಮ್ಮ ದವಾಖಾನೆಗೆ ಹೆರಿಗೆಗೆ ಬಂದಳು. ಮಗು ಹುಟ್ಟಿತು, ರಕ್ತ ನಿಲ್ಲಲಿಲ್ಲ. ಅವಳದು ಓ ನೆಗೆಟಿವ್, ಮನೆಯವರ ಯಾರದೂ ಹೊಂದಲಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಮುನಾವರ ಒತ್ತಿ ನೋಡಿದ. ಗದಗಿನಲ್ಲಿ ಎರಡು ಬಾಟಲಿ.

"ಫೋನ್ ಹಚ್ಚಿ ಕೇಳೂನೇನ್ರಿ ಕಾಕಾ?" ಎಂದ.

"ಕಣ್ಣ ಮುಂದ ಐತಲ್ಲ, ಸುಮ್ನ ಯಾಕ ಹೊತ್ತು ಕಳೀತಿ," ಎಂದು ನಾನೇ ಅವನನ್ನು ಜೀಪು ಹತ್ತಿಸಿದೆ.

ಆ ಎರಡೂ ಬಾಟಲಿ ಹತ್ತೂವರೆಗೇ ಬೇರೆಯವರಿಗೆ ಹೋಗಿದ್ದವು. ಮಧ್ಯಾಹ್ನ ಹನ್ನೆರಡಕ್ಕೆ ಬಾಗಲಕೋಟೆಗೆ ಒಂದು ಬಂದಿತ್ತು, ಅದು ನಮ್ಮ ಪಟ್ಟಿಯಲ್ಲಿರಲಿಲ್ಲ. ಗದಗಿನಲ್ಲಿ ವಿಚಾರಿಸಿ, ಬಾಗಲಕೋಟೆಗೆ ಓಡಿ, ಅದನ್ನು ತಂದು ಮುಟ್ಟಿಸುವ ಹೊತ್ತಿಗೆ ನಾಹೀದ ಹೋಗಿಬಿಟ್ಟಿದ್ದಳು.

ರಾಜಮಾ ಯಾರನ್ನೂ ಬೈಯಲಿಲ್ಲ. ಮೂರನೇ ದಿನ ಮನೆಗೆ ಹೋದರೆ, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. "ಅಣ್ಣಾರ, ಮುನಾವರ ಉಣವಲ್ಲ. ನೀವರೆ ಹೇಳ್ರಿ," ಎಂದಳು. ಬೈದಿದ್ದರೆ ಚೆನ್ನಾಗಿತ್ತು. ನಾನು ಅಲ್ಲೇ ಅತ್ತುಬಿಟ್ಟೆ.

ಮುನಾವರ ಪ್ರೋಗ್ರಾಮನ್ನು ಮತ್ತೆ ಬರೆದ. ಬದಲಾಗದ ಊರು, ವಿಳಾಸ, ಫೋನ್ ನಂಬರು ಮಾತ್ರ ತನ್ನಲ್ಲಿಟ್ಟುಕೊಂಡ. ಬಾಟಲಿ ಎಷ್ಟಿವೆ ಎಂಬುದನ್ನು ಮಾತ್ರ ಅದು ಪ್ರತಿ ಸಲ ಹುಬ್ಬಳ್ಳಿಗೇ ಹೋಗಿ ಕೇಳಿ ಬರುತ್ತದೆ. ಈಗ ಎರಡು ನಿಮಿಷ ಸಾಕು.

ಮೊನ್ನೆ ರಕ್ತ ಹುಡುಕುತ್ತ ಸವಡಿಯಿಂದ ಬಂದಾತ, "ಎಷ್ಟ ತಡಾ ಮಾಡ್ತೈತ್ರಿ ಇದು," ಎಂದು ರೇಗಿದ. ಉತ್ತರ ಬಂದರೂ ಫೋನು ಹಚ್ಚಿ ಕೇಳದೆ ಮುನಾವರ ಯಾರನ್ನೂ ಕಳಿಸುವುದಿಲ್ಲ. ಆ ಎರಡು ನಿಮಿಷ ಫೋನು ಕೈಯಲ್ಲಿ ಹಿಡಿದು ಅವನು ನನ್ನನ್ನೇ ನೋಡುತ್ತಿರುತ್ತಾನೆ. ನಾನು ತಲೆ ತಗ್ಗಿಸಿ ಕೂತಿರುತ್ತೇನೆ.