ಯಾವ ಏಳು?

ಆವತ್ತು ತಮಿಳು ಸೀಮೆಯ ನಮ್ಮೂರು ತೇವಾರದಲ್ಲಿ ಅತ್ತೆಯ ಹಸು ಮಲಗಿತ್ತೋ ನಿಂತಿತ್ತೋ, ಪ್ರಮಾಣ ಮಾಡಿ ಹೇಳಲಾರೆ. ನಾನು ಕೊಟ್ಟಿಗೆಯ ಮೆಟ್ಟಿಲ ಮೇಲೆ ಕೂತಿದ್ದೆ ಅಂತ ಅನಿಸುತ್ತದೆ. ಆದರೆ ಆ ಮೆಟ್ಟಿಲ ಮೇಲೆ ಹುಟ್ಟಿದಾಗಿನಿಂದ ಕೂತವಳು ನಾನು. ಆ ಒಂದು ದಿನ ನಿಂತಿದ್ದರೂ ನೆನಪು ನನ್ನನ್ನು ಕೂರಿಸಿಬಿಟ್ಟಿರುತ್ತದೆ. ಇಷ್ಟು ಸಣ್ಣ ಸಂಗತಿಗೆ ಇಷ್ಟೊಂದು ಅನುಮಾನ ಯಾಕೆ ಅಂತ ನೀವು ಕೇಳಬಹುದು. ಅದಕ್ಕೇ ಬರುತ್ತಿದ್ದೇನೆ.

ದಿಂಡಿಗಲ್ಲಿನ ಕಾಲೇಜೊಂದರಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಗ ನಾವು ಮೂವರು ಹ್ಯಾಕಥಾನ್ ಅನ್ನುವ ಆ್ಯಪ್ ಕಟ್ಟುವ ಸ್ಪರ್ಧೆಗೆ ಹೆಸರು ಕೊಟ್ಟೆವು: ಸೆಲ್ವಿ, ಅರುಣ್, ನಾನು. ಹಸು ಮೇವು ಬಿಟ್ಟರೆ, ಹಾಲು ಇಳಿದರೆ, ಮನೆಯವರು ಫೋನಿಗೆ ಬಾಯಲ್ಲಿ ಹೇಳಿದರೆ ಸಾಕು. ಅದನ್ನು ತಮಿಳಿನಲ್ಲಿ ಬರೆದು ಪಶುವೈದ್ಯರಿಗೆ ಕಳಿಸುವ ಆ್ಯಪ್ ನಮ್ಮದು. ಕೋಡಿಂಗ್ ಸೆಲ್ವಿಯದು, ವೇದಿಕೆಯ ಭಾಷಣ ಅರುಣನದು. ನನಗೇನು ಕೆಲಸ ಅಂತ ಯಾರಿಗೂ ಗೊತ್ತಿರಲಿಲ್ಲ. ಸುಮ್ಮನಿರಲಾರದೆ, "ನಮ್ಮ ಮನೆಯಲ್ಲಿ ಕನ್ನಡ ಮಾತಾಡ್ತೀವಿ, ಅದನ್ನೂ ಸೇರಿಸೋಣ" ಅಂದೆ. ಹಾಗೆ ನಾನು ಒಂದೇ ಮಾತಿಗೆ ಭಾಷಾತಜ್ಞೆಯಾದೆ. ಆಗ ನನಗೆ ಕನ್ನಡದ ಒಂದಕ್ಷರವೂ ಓದಲು ಬರುತ್ತಿರಲಿಲ್ಲ.

"ನಿಮ್ಮತ್ತೆಗೆ ತಮಿಳು ಬರಲ್ವಾ?" ಅಂದಳು ಸೆಲ್ವಿ.

"ಬರುತ್ತೆ. ಆದರೆ ಹಸುವಿನ ಜೊತೆ ತಮಿಳು ಮಾತಾಡಲ್ಲ."

"ಆ್ಯಪ್ ಬಳಸೋದು ಹಸುವಾ?"

ಉತ್ತರವಿಲ್ಲದಿದ್ದಾಗ ಹಟ ಮಾಡುವುದು ನಮ್ಮ ಮನೆತನದ ಗುಣ. ಶನಿವಾರ ಬಸ್ಸು ಹತ್ತಿ ತೇವಾರಕ್ಕೆ ಹೋದೆ.

ಅತ್ತೆಯದು, ಅಂದರೆ ಅಪ್ಪನ ಅಕ್ಕನದು, ಹಾಲಿನ ಸೊಸೈಟಿಯಲ್ಲಿ ತಮಿಳು, ಬಸ್ಸಿನಲ್ಲಿ ತಮಿಳು, ಕೊನೆಕೊನೆಗೆ ಸೊಸೆಯ ಜೊತೆಯೂ ತಮಿಳು. ಮನೆಮಾತು ಉಳಿದದ್ದು ನನಗೆ ಮತ್ತು ಹಸುವಿಗೆ. ನಾನು ಫೋನು ಹಿಡಿದೆ. ಅವಳು ಸೆರಗು ಸರಿಮಾಡಿಕೊಂಡು, ಯಾರೋ ನೋಡುತ್ತಿದ್ದಾರೆ ಅನ್ನುವಂತೆ, "ಅಸು ಮೇವ್ ಮುಟ್ಲಿಲ್ಲ. ಆಲು ಕರ್ದಾಯ್ತು" ಅಂದಳು.

ಆ್ಯಪ್‌ಗೆ ಜೋಡಿಸಿದ್ದ ಸಿದ್ಧ ಅನುವಾದ ಯಂತ್ರ ಒಂದು ಕ್ಷಣ ಯೋಚಿಸಿ ತಮಿಳಿನಲ್ಲಿ ಬರೆಯಿತು: ಪ್ರಾಣವು ಮೇವನ್ನು ಮುಟ್ಟಲಿಲ್ಲ. ಆಲೂಗಡ್ಡೆ ಕರಿದಾಯಿತು.

ಓದಿ ಹೇಳಿದೆ. ಅತ್ತೆ ನಗಲಿಲ್ಲ. "ಪಾಪ, ಅದ್ಕೆ ಅಸಿವೇನೋ" ಅಂದಳು ಫೋನು ನೋಡಿ.

ಯಂತ್ರದ ತಪ್ಪೂ ಅಲ್ಲ. ಅದಕ್ಕೆ ಕನ್ನಡ ಕಲಿಸಿದವರು ಕರ್ನಾಟಕದವರು. ಅಲ್ಲಿ ಹಕಾರ ಇದೆ. ಆಮೇಲೆ ಮೈಸೂರಿಗೆ ಓದಲು ಹೋಗಿ ಅಕ್ಷರ ಕಲಿತಾಗ ಗೊತ್ತಾಯಿತು: ಹಳಗನ್ನಡದಲ್ಲಿ ಅದು ಪಾಲ್, ಆಮೇಲೆ ಹಾಲು, ನಮ್ಮ ಬಾಯಲ್ಲಿ ಆಲು. ನೆರೆಯ ತಮಿಳರು ಪಕಾರವನ್ನು ಇನ್ನೂ ಬಿಟ್ಟಿಲ್ಲ. ನಮ್ಮ ಹಿರಿಯರು ಯಾವ ಕಾಲದಲ್ಲೋ ತೇವಾರದ ಬೆಟ್ಟದ ಬುಡಕ್ಕೆ ಬಂದು ನೆಲೆಸಿದರಲ್ಲ, ಬರುವ ದಾರಿಯಲ್ಲಿ ಪಕಾರ ಒಂದು ಕಡೆ, ಹಕಾರ ಇನ್ನೊಂದು ಕಡೆ ಇಳಿಸಿ ಬರಿಗೈಯಲ್ಲಿ ಬಂದರೋ ಏನೋ. ಹಸುವನ್ನು 'ಅಸು' ಅನ್ನುತ್ತೇವೆ. ಅಸು ಅಂದರೆ ಪ್ರಾಣ ಅಂತ ನಿಘಂಟು ನೋಡಿ ತಿಳಿದಾಗ ಯಂತ್ರದ ಮೇಲೆ ಸ್ವಲ್ಪ ಗೌರವ ಬಂತು. ಅತ್ತೆಯ ವಿಷಯದಲ್ಲಿ ಅದು ಅಂಥ ತಪ್ಪು ಅನುವಾದವೇನೂ ಅಲ್ಲ.

ಹೊರಡುವಾಗ, ಮುದ್ದಿಗೆ ನನ್ನನ್ನು ಕಣ್ಣು ಅನ್ನುವ ಅತ್ತೆ ಕೇಳಿದಳು: "ಕಣ್ಣು, ನನ್ ಮಾತು ಅಲ್ಲಿ ನಾಕ್ ಜನದ ಮುಂದೆ ಕೇಳುಸ್ತದಾ?" ಕೇಳಿಸುತ್ತದೆ ಅಂದುಬಿಟ್ಟೆ. ಬಸ್ಸು ಪೆರಿಯಕುಳಂ ದಾಟುವವರೆಗೂ ಅದೇ ಚಿಂತೆ. ಅವಳ ಆ ಮಾತನ್ನು ಮನೆಯಿಂದಾಚೆ ಯಾರೂ ಕೇಳಿದ್ದೇ ಇಲ್ಲ.

ಸೆಲ್ವಿ ಆಲೂಗಡ್ಡೆಯನ್ನು ನೋಡಿ, "ತಮಿಳು ಮಾತ್ರ ತೋರಿಸೋಣ. ಇದನ್ನ ಹಾಕಿದರೆ ಸೋತೆವು" ಅಂದಳು. ಅವಳು ಹೇಳಿದ್ದು ಸರಿ. ಸರಿ ಅಂತ ತಲೆಯಾಡಿಸಿದೆ. ಆದರೆ ಸ್ಪರ್ಧೆಯ ದಿನ ವೇದಿಕೆಯ ಮೇಲೆ ಲ್ಯಾಪ್‌ಟಾಪ್ ಇದ್ದದ್ದು ನನ್ನ ಮುಂದೆ. ತಮಿಳಿನದು ಚೆನ್ನಾಗಿ ಮುಗಿಯಿತು, ಚಪ್ಪಾಳೆಯೂ ಬಿತ್ತು. ನನ್ನ ಬೆರಳು ಅತ್ತೆಯ ಧ್ವನಿಯ ಮೇಲೆ ಬಿತ್ತು. ಸಭಾಂಗಣದ ತುಂಬ ಅತ್ತೆ. ಪರದೆಯ ತುಂಬ ಆಲೂಗಡ್ಡೆ. ಜನ ನಕ್ಕರು. ತೀರ್ಪುಗಾರರಲ್ಲಿ ಒಬ್ಬರು, ನಗದೆ ಇದ್ದವರು, ಕೇಳಿದರು: "ಇದು ಯಾವ ಭಾಷೆಯಮ್ಮಾ?"

ಕನ್ನಡ ಅನ್ನೋಣವೆಂದರೆ, ಕನ್ನಡ ಬಲ್ಲ ಯಂತ್ರವೇ ಅಲ್ಲವೆನ್ನುತ್ತಿದೆ. ತಮಿಳು ಅನ್ನೋಣವೆಂದರೆ ಎದುರಿಗೆ ಅಷ್ಟೂ ತಮಿಳರು. ನಾನು ಕೂತಲ್ಲೇ ಪರದೆಯ ಆಲೂಗಡ್ಡೆ ನೋಡಿದೆ. ಇನ್ನೂ ಓಡುತ್ತಿದ್ದ ಧ್ವನಿಮುದ್ರಣ ನಿಲ್ಲಿಸುವುದನ್ನು ಮರೆತಿದ್ದೆ. ಅದರಲ್ಲಿ ಹಸುವಿನ ಗಂಟೆ ಒಮ್ಮೆ ಅಲ್ಲಾಡಿತು, ಆಮೇಲೆ ಅತ್ತೆಯ ದನಿ, ಗಟ್ಟಿಯಾಗಿ:

"ಏಳು."

ಯಂತ್ರ ಪರದೆಯ ಮೇಲೆ 7 ಅಂತ ಬರೆಯಿತು. ಮುಂದೇನಾಯಿತು ಅನ್ನುವುದರಲ್ಲಿ ಒಮ್ಮತವಿಲ್ಲ. ನಾನು ದಡಕ್ಕನೆ ಎದ್ದು ನಿಂತೆ ಅಂತ ಸೆಲ್ವಿ. ಇಲ್ಲ, ಕೂತಲ್ಲಿಂದಲೇ "ಇದು ನಮ್ಮತ್ತೆಯ ಭಾಷೆ" ಅಂದೆ ಅಂತ ಅರುಣ್. ನನಗೆ ಎರಡೂ ನೆನಪಿದೆ, ಅದೇ ತೊಂದರೆ. ನಮಗೆ ಬಹುಮಾನ ಬರಲಿಲ್ಲ. ಸೆಲ್ವಿ ಎರಡು ವಾರ ನನ್ನೊಡನೆ ಮಾತು ಬಿಟ್ಟಳು. ಆ ಮೌನವಂತೂ ಚೆನ್ನಾಗಿ ನೆನಪಿದೆ.

ನಮ್ಮ ಮಾತಿನಲ್ಲಿ 'ಹೇಳು' ಅನ್ನುವುದೂ ಏಳೇ, ಎದ್ದೇಳು ಅನ್ನುವುದೂ ಏಳೇ, ಆರಾದ ಮೇಲಿನದೂ ಏಳೇ. ಅತ್ತೆ ಮಲಗಿದ್ದ ಹಸುವನ್ನೋ ಕೂತಿದ್ದ ನನ್ನನ್ನೋ ಎಬ್ಬಿಸುತ್ತಿದ್ದಳೋ, ಕರೆದ ಹಾಲಿನ ಲೀಟರು ಹೇಳುತ್ತಿದ್ದಳೋ, ಫೋನು ಹಿಡಿದು ಬಾಯಿ ಬಿಡದೆ ಇದ್ದ ನನಗೆ ನೀನೂ ಒಂದು ಮಾತು ಹೇಳು ಅನ್ನುತ್ತಿದ್ದಳೋ. ಮೊನ್ನೆ ಊರಿಗೆ ಹೋದಾಗ ಕೇಳಿಯೇಬಿಟ್ಟೆ. ಅತ್ತೆ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. "ಅತ್ತೆ, ಆವತ್ತು ಕಡೇಲಿ ಏಳು ಅಂದ್ಯಲ್ಲ, ಅದು ಯಾವ ಏಳು?"

ಅತ್ತೆ ಒಂದು ಕೈಯನ್ನು ನೆಲಕ್ಕೂರಿ ನನ್ನ ಮುಖ ನೋಡಿದಳು. "ಏಳ್ತೀನಿ, ಇರು ಕಣ್ಣು" ಅಂದಳು.