ಪೂಜೆಗಿಟ್ಟ ಕ್ಯಾಮೆರಾ

ನಿನ್ನೆ ಖಂಡೆನವಮಿ, ಆಯುಧಪೂಜೆ. ಕಾಂದಿವಲಿಯ ನಮ್ಮ ಬಿಲ್ಡಿಂಗಿನ ಕೆಳಗೆ ಹುಡುಗರು ಮೋಟಾರ್ ಸೈಕಲ್‌ಗಳನ್ನು ತೊಳೆದು, ಚೈನಿಗೆ ಎಣ್ಣೆ ಬಿಟ್ಟು, ಹ್ಯಾಂಡಲ್ಲಿಗೆ ಚೆಂಡುಹೂವಿನ ಮಾಲೆ ಹಾಕಿ ಕರ್ಪೂರ ಹಚ್ಚಿದ್ದರು. ಕಾಯಿಪಲ್ಲೆಯ ಚೀಲ ಹಿಡಿದು ಬಂದವಳು ಲಿಫ್ಟಿನ ಮುಂದೆ ಹಾಗೇ ನಿಂತುಬಿಟ್ಟೆ. ವಾಚ್‌ಮನ್ ಓಡಿಬಂದು, "ಆಜೀ, ತಬಿಯತ್ ಠೀಕ್ ಹೈ ನಾ?" ಎಂದು ಕೇಳಿದ. ನನಗೇನು ಧಾಡಿ ಎಂದು ಗದರಿಸಿ ಕಳಿಸಿದೆ. ಚೆಂಡುಹೂವು, ಕರ್ಪೂರ, ಯಂತ್ರದ ಎಣ್ಣೆ ಈ ಮೂರೂ ಕೂಡಿದ ವಾಸನೆ ಬಂದರೆ ನನಗೆ ದೇವರು ನೆನಪಾಗುವುದಿಲ್ಲ, ಬೈಕುಲ್ಲಾದ ಸ್ಟುಡಿಯೋ ಮಾಮಾ ನೆನಪಾಗುತ್ತಾರೆ.

ಐವತ್ತರ ದಶಕದ ಮಾತು. ನಾವಿದ್ದದ್ದು ಬೈಕುಲ್ಲಾದ ಒಂದು ಚಾಳಿನ ಮೂರನೆಯ ಮಾಳಿಗೆಯಲ್ಲಿ. ಒಂದು ಖೋಲಿ, ಹಿಂದೆ ಒಂದು ಗ್ಯಾಲರಿ. ಗ್ಯಾಲರಿಯ ಕೆಳಗೆ ಎತ್ತರದ ಕಾಂಪೌಂಡು, ಅದರಾಚೆ ರೈಲ್ವೆ ಯಾರ್ಡು. ಧಾರವಾಡದ ಕಡೆಯಿಂದ ಬಂದ ನಮ್ಮಪ್ಪ ಆ ಯಾರ್ಡಿನಲ್ಲೇ ಡ್ರೈವರ್. ಡಬ್ಬಿಗಳನ್ನು ಒಂದು ಹಳಿಯಿಂದ ಇನ್ನೊಂದು ಹಳಿಗೆ ತಳ್ಳುವ ಮುದಿ ಉಗಿ ಎಂಜಿನ್ ಅವನದು. ಅವ್ವ ನನ್ನ ಆರನೆಯ ವರ್ಷಕ್ಕೇ ತೀರಿಕೊಂಡಿದ್ದಳು. ಈ ಮಾತು ನಡೆದಾಗ ನನಗೆ ಇಪ್ಪತ್ತು. ಮನೆ ನಾನೇ ನಡೆಸುತ್ತಿದ್ದೆ. ನನ್ನ ಬಾಯಿ ಜೋರು ಎಂದು ಚಾಳಿಗೆಲ್ಲ ಹೆಸರಾಗಿತ್ತು, ಸುಳ್ಳೇನಲ್ಲ.

ಸ್ಟುಡಿಯೋ ಮಾಮಾ ನಮ್ಮ ಗಲ್ಲಿಯ ತುದಿಯಲ್ಲಿ ಫೋಟೋ ಅಂಗಡಿ ಇಟ್ಟಿದ್ದರು. ಉಡುಪಿಯ ಕಡೆಯವರು. ಅವರ ಊರಿಗೆ ರೈಲಿಲ್ಲ, ಹಡಗು ಹತ್ತಿ ಮುಂಬಯಿಗೆ ಬಂದವರು. ಇಪ್ಪತ್ತು ದಾಟಿದ ಮೇಲೆ ಮೊದಲ ಬಾರಿಗೆ ಎಂಜಿನ್ ಕಂಡು ಬಾಯಿ ಬಿಟ್ಟುಕೊಂಡು ನಿಂತೇ ಇದ್ದರಂತೆ. ಊರಿನಲ್ಲಿ ಅಣ್ಣನ ಸಂಸಾರದ ಜೊತೆಗಿದ್ದ ತಾಯಿ ಪ್ರತಿ ಕಾಗದದಲ್ಲೂ, ರೈಲು ಅಂದರೆ ಹೇಗಿರುತ್ತದೆ ಎಂದು ಬರೆಸಿ ಕೇಳುತ್ತಿದ್ದಳು. ಹೊಗೆ ಕೊಳವೆಯಿಂದ ಹಿಂದಿನ ಗಾಲಿಯವರೆಗೆ ಇಡೀ ಎಂಜಿನ್ನಿನ ಒಂದು ಫೋಟೋ ತೆಗೆದು ತಾಯಿಗೆ ಕಳಿಸಬೇಕು... ಆ ಮನುಷ್ಯನಿಗೆ ಇದ್ದದ್ದು ಅದೊಂದೇ ಆಸೆ.

ಆದರೆ ಸ್ಟೇಶನ್ನಿನಲ್ಲಿ, ಬ್ರಿಜ್ಜಿನ ಮೇಲೆ, ಯಾರ್ಡಿನಲ್ಲಿ, ಎಲ್ಲಿಯೂ ಪರವಾನಗಿ ಇಲ್ಲದೆ ಕ್ಯಾಮೆರಾ ತೆರೆಯುವ ಹಾಗಿರಲಿಲ್ಲ. ಒಮ್ಮೆ ಬ್ರಿಜ್ಜಿನ ಮೇಲೆ ನಿಂತದ್ದಕ್ಕೆ ಪೊಲೀಸನೊಬ್ಬ ಚೌಕಿಗೆ ಕರೆದೊಯ್ದು ಮಧ್ಯಾಹ್ನದವರೆಗೆ ಕೂಡಿಸಿದ್ದ. ಅರ್ಜಿ ಮೂರು ಸಲ ಕೊಟ್ಟರು. ಕಾರಣ ಎಂಬ ಜಾಗದಲ್ಲಿ "ತಾಯಿಗೆ ತೋರಿಸಲು" ಎಂದು ಬರೆದಿದ್ದರಂತೆ! ಆಫೀಸಿನವರು ನಕ್ಕು ವಾಪಸು ಕೊಟ್ಟರು. ಬೇರೇನಾದರೂ ಬರೆಯಬಾರದಿತ್ತೇ ಎಂದರೆ, "ಇಲ್ಲದ್ದು ಹೇಗೆ ಬರೆಯುವುದು ಮಾರಾಯ್ತಿ?" ಎಂದು ನನ್ನನ್ನೇ ಕೇಳಿದರು.

ಹಾಗಾಗಿ ಭಾನುವಾರ ಭಾನುವಾರ ನಮ್ಮ ಗ್ಯಾಲರಿಗೆ ಬಂದು ಮೂರು ಕಾಲಿನ ಸ್ಟ್ಯಾಂಡು ಹೂಡುತ್ತಿದ್ದರು. ನಡುವೆ ಸಾಲಾಗಿ ಗೂಡ್ಸ್ ಡಬ್ಬಿಗಳು ನಿಂತಿರುತ್ತಿದ್ದವು. ಎಂಜಿನ್ನಿನ ನೆತ್ತಿ, ಸ್ವಲ್ಪ ಹೊಗೆ, ಅಷ್ಟೇ ಕಾಣುವುದು. "ಟೊಪ್ಪಿ ಸಿಗ್ತದೆ, ಮನುಷ್ಯ ಸಿಗುವುದಿಲ್ಲ" ಎನ್ನುತ್ತ ನನ್ನ ಕೈಯ ಚಹಾ ಕುಡಿದು ಹೋಗುತ್ತಿದ್ದರು. ಅಂಥದೊಂದು ಭಾನುವಾರ, ಅವರು ಏನೂ ಕೇಳದಿದ್ದರೂ, ಅವ್ವನ ಮುಖ ನನಗೆ ಮರೆತೇಹೋಗಿದೆ ಎಂದು ಹೇಳಿಬಿಟ್ಟೆ. ಅವಳದೊಂದೂ ಫೋಟೋ ಇರಲಿಲ್ಲ. ಅಪ್ಪನದೂ ಇರಲಿಲ್ಲ. ಅವರು ಕೇಳಿಸಿಕೊಂಡರು.

ಆ ವರ್ಷ ದೀಪಾವಳಿಗೆ ಅಪ್ಪನ ನೌಕರಿ ಮುಗಿಯುವುದಿತ್ತು. ಎಂಜಿನ್ನನ್ನೂ ಒಡೆಯಲು ಕಳಿಸುವವರಿದ್ದರು. ಒಂದು ದಿನ ಊಟಕ್ಕೆ ಕೂತ ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, "ನಿಮ್ಮವ್ವನ ಜೋಡಿ ಎಂಟ್ ವರ್ಷ ಬಾಳೇ ಮಾಡಿದೆ, ಇದರ ಜೋಡಿ ಇಪ್ಪತ್ತು ವರ್ಷ ಆತು. ಆಕಿ ಜೋಡಿ ಫೋಟೋ ತಗಸಲಿಲ್ಲ, ಇದರ ಜೋಡಿನರೆ ಒಂದ್ ಇರ್ಲೆವಾ" ಎಂದ. ಅಪ್ಪ ಜನ್ಮದಲ್ಲಿ ನನ್ನನ್ನು ಒಂದು ವಸ್ತು ಬೇಡಿದವನಲ್ಲ. ನನಗೆ ತಡೆಯಲಾಗಲಿಲ್ಲ.

ಯಾರ್ಡಿನ ಗೇಟು ಮನೆಯವರಿಗೆ ವರ್ಷಕ್ಕೊಂದೇ ದಿನ, ಖಂಡೆಪೂಜೆಯಂದು ತೆರೆಯುತ್ತಿತ್ತು. ಕ್ಯಾಮೆರಾಕ್ಕೆ ಮಾತ್ರ ಅಂದೂ ಇಲ್ಲ. ಉಪಾಯ ಹುಡುಕಿದವಳು ನಾನೇ. "ಮಾಮಾ, ಅವರು ಸುತ್ತಿಗಿ, ಪಾನಾ ಎಲ್ಲಾ ಎಂಜಿನ್ ಮುಂದ ಪೂಜಿಗೆ ಇಡ್ತಾರ. ನಿಮ್ಮ ಕ್ಯಾಮೆರಾ ನಿಮ್ಮ ಹತ್ಯಾರ ಅಲ್ಲೇನ್ರಿ? ಪೂಜಿಗೆ ಅಂತ ತರ್ರಿ, ಯಾವಾಂವ ಬ್ಯಾಡ ಅಂತಾನ ನೋಡೂಣು" ಎಂದೆ. ಮಾಮಾನ ಮುಖ ಊರಗಲವಾಯಿತು. ನನ್ನ ಬುದ್ಧಿಗೆ ನಾನೇ ಭೇಷ್ ಎಂದುಕೊಂಡೆ.

ಅಂದುಕೊಂಡ ಹಾಗೇ ಆಯಿತು. ಗೇಟಿನಲ್ಲಿ ತಡೆದರು, ಪೂಜೆಗೆ ಎಂದೆವು, ಫೋರ್‌ಮನ್ ಸಾಹೇಬರು ಬಂದು ನೋಡಿ ತಲೆಯಾಡಿಸಿದರು. ಬಾಳೆಕಂಬ ಕಟ್ಟಿದ ಅಪ್ಪನ ಎಂಜಿನ್ನಿನ ಮುಂದೆ ಸುತ್ತಿಗೆ, ಪಾನಾ, ಎಣ್ಣೆಯ ಡಬ್ಬಿಗಳ ಸಾಲಿನಲ್ಲಿ ಮಾಮಾನ ಕ್ಯಾಮೆರಾ ಕೂತಿತು. ಅಪ್ಪ ಕೋಟು ತೊಟ್ಟು, ಪಟಕಾ ಸುತ್ತಿ ಮದುಮಗನ ಹಾಗೆ ನಿಂತಿದ್ದ. ಹಿರಿಯ ಫಿಟ್ಟರೊಬ್ಬ ಎಲ್ಲದಕ್ಕೂ ಕುಂಕುಮ ಹಚ್ಚಿ, ಹೂವೇರಿಸಿ, ಆರತಿ ಬೆಳಗಿದ. ನಾನು ಮಾಮಾನ ಕಡೆ ತಿರುಗಿ, ಇನ್ನು ನಡೆಯಲಿ ಎಂದು ಸನ್ನೆ ಮಾಡಿದೆ. ಅವರ ಮುಖ ಬಿಳುಚಿಕೊಂಡಿತ್ತು.

"ಅಯ್ಯೋ ಮಾರಾಯ್ತಿ... ಪೂಜೆಗಿಟ್ಟಾಯ್ತಲ್ಲ! ಇವತ್ತು ಇನ್ನು ಮುಟ್ಟುವ ಹಾಗಿಲ್ಲ."

ಹೌದಲ್ಲ! ಖಂಡೆಪೂಜೆಗಿಟ್ಟ ಹತ್ಯಾರವನ್ನು ದಶಮಿಯವರೆಗೆ ಯಾರು ಮುಟ್ಟುತ್ತಾರೆ? ನಮ್ಮ ಮನೆಯಲ್ಲಿ ಈಳಿಗೆಯನ್ನು ಪೂಜೆಗಿಟ್ಟು, ಸೊಪ್ಪನ್ನು ಕೈಯಲ್ಲೇ ಮುರಿದುಕೊಂಡು ಬಂದವಳು ನಾನು, ನನಗೇ ಹೊಳೆಯಲಿಲ್ಲ. ಹೊಳೆಯದಿದ್ದರೂ ಸೋಲುವವಳಲ್ಲ. ಯಾರೂ ನೋಡುತ್ತಿಲ್ಲ, ಒಂದು ಸಲ ಒತ್ತಿಬಿಡಿ ಎಂದು ಕಿವಿಯಲ್ಲಿ ಅಂದೆ, ಬೇಡಿಕೊಂಡೆ, ಕೊನೆಗೆ ಬೈದೆ. ಅವರು ಕೈ ಕಟ್ಟಿಕೊಂಡು ನಿಂತೇ ಇದ್ದರು. ಅಪ್ಪ ಪಟಕಾ ಬಿಚ್ಚಿ ಕೈಯಲ್ಲಿ ಹಿಡಿದು, "ಇರ್ಲಿ ಬಿಡವಾ, ನಮ್ಮ ನಸೀಬದಾಗ ಇಲ್ಲ" ಎಂದ. ಆ ಕ್ಷಣ ಮಾಮಾನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಮರುದಿನ ದಶಮಿ. ಅಂದು ಮನೆಯವರಿಗೆ ಪ್ರವೇಶವಿಲ್ಲ, ಹತ್ಯಾರ ಇಟ್ಟವರು ಮಾತ್ರ ಹೋಗಿ ಎತ್ತಿಕೊಳ್ಳಬೇಕು. ಅಲ್ಲಿ ನಡೆದದ್ದನ್ನು ಅಪ್ಪ ಬಂದು ಹೇಳಿದ. ಎತ್ತಿದ ಹತ್ಯಾರದಿಂದ ಒಂದು ಕೆಲಸ ಮಾಡಿಯೇ ಹೊರಡುವುದು ಅಲ್ಲಿನ ಪದ್ಧತಿ. ಸುತ್ತಿಗೆಯವನು ಒಂದೇಟು ಹೊಡೆಯಬೇಕು, ಪಾನಾದವನು ಒಂದು ಬೋಲ್ಟು ತಿರುಗಿಸಬೇಕು. ಮಾಮಾನ ಸರದಿ ಬಂದಾಗ ಫೋರ್‌ಮನ್ ಸಾಹೇಬರು ಒಂದು ಗಳಿಗೆ ಯೋಚಿಸಿ, ಪದ್ಧತಿ ಎಂದರೆ ಪದ್ಧತಿ, ಇವರೂ ಒಂದು ಫೋಟೋ ತೆಗೆಯಲಿ, ಒಂದೇ ಒಂದು, ಎಂದು ಪಕ್ಕದಲ್ಲೇ ನಿಂತರಂತೆ.

ಮಾಮಾ ಮೊದಲು ಬಹಳ ದೂರ ಹೋಗಿ ಸ್ಟ್ಯಾಂಡು ಹೂಡಿದರಂತೆ. ಎಂಜಿನ್ನಿನ ಪಕ್ಕದಲ್ಲಿ ಅಪ್ಪ ನಿಂತಿದ್ದ. ನಡುವೆ ಒಂದೂ ಡಬ್ಬಿ ಇಲ್ಲ, ಒಳ್ಳೆಯ ಬಿಸಿಲು. ಕರಿ ಬಟ್ಟೆಯೊಳಗೆ ತಲೆ ಹಾಕಿ ಎಷ್ಟೋ ಹೊತ್ತು ನೋಡಿದರಂತೆ. ಆಮೇಲೆ ಸ್ಟ್ಯಾಂಡು ಎತ್ತಿಕೊಂಡು ಹತ್ತಿರ ಬಂದರು. ಇನ್ನೂ ಹತ್ತಿರ ಬಂದರು. "ಅಷ್ಟ್ ಹತ್ರ ಯಾಕ್ರೀ, ಎಂಜಿನ್ ಬರೂದಿಲ್ಲಲ್ಲ ಅಂದೆ. ಕೇಳಸದಂಗ ಒತ್ತೇಬಿಟ್ಟ ಆ ಮನಶ್ಯಾ" ಎಂದು ಅಪ್ಪ ಹೇಳಿದ.

ವಾರ ಬಿಟ್ಟು ಫೋಟೋ ತಂದುಕೊಟ್ಟರು. ಅಪ್ಪ ಎದೆಯ ಮೇಲಿನಷ್ಟು. ಹುಬ್ಬಿನ ಮೇಲಿನ ಸುಟ್ಟ ಕಲೆ, ಮೀಸೆಯ ಒಂದೊಂದು ಕೂದಲು ಕಾಣುತ್ತಿತ್ತು. ಹಿಂದೆ ಒಂದಿಷ್ಟು ಕರಿ ಕಬ್ಬಿಣ. ಎಂಜಿನ್ ಎಲ್ಲಿ? ಅಪ್ಪ ನೋಡಿ, "ಏ, ನಾ ಹಿಂಗ ಕಾಣ್ತೀನೇನು!" ಎಂದು ನಕ್ಕ. ನಾನು ನಗಲಿಲ್ಲ. "ಗ್ವಾಡಿ ಮುಂದ ನಿಂತಂಗ ಐತಿ. ಇದಕ್ಕ ಇಷ್ಟೆಲ್ಲ ಕುಣಿದ್ವೇನು?" ಎಂದೆ. ಮಾಮಾ ಚಹಾದ ಕಪ್ಪನ್ನು ಕೆಳಗಿಟ್ಟು, "ದೂರದಿಂದ ತೆಗೆದ್ರೆ ಎಂಜಿನ್ ಬರ್ತಿತ್ತು ಮಗಾ. ಅಪ್ಪ ಬೆರಳಿನಷ್ಟು ಕಾಣ್ತಿದ್ರು" ಎಂದರು. ನಾನು ಮುಖ ತಿರುಗಿಸಿ ಒಳಗೆ ಹೋದೆ. ಆಮೇಲೂ ಅವರು ಒಂದೆರಡು ಭಾನುವಾರ ಬಂದರು. ನಾನು ಚಹಾ ಕೊಟ್ಟೆ, ಮಾತು ಕೊಡಲಿಲ್ಲ. ಬರುವುದು ನಿಂತುಹೋಯಿತು...

ಮುಂದೆ ನನ್ನ ಮದುವೆಯಾಗಿ ವಿಲೆ ಪಾರ್ಲೆಗೆ ಹೋದೆ. ಮೂರು ವರ್ಷಕ್ಕೆ ಅಪ್ಪ ತೀರಿಕೊಂಡ. ಇದ್ದದ್ದು ಅದೊಂದೇ ಫೋಟೋ. ದೊಡ್ಡದು ಮಾಡಿಸಲೆಂದು ಲೋಕಲ್ ಹಿಡಿದು ಬೈಕುಲ್ಲಾದ ಅದೇ ಸ್ಟುಡಿಯೋಗೆ ಹೋದರೆ ಗಲ್ಲೆಯ ಮೇಲೆ ಯಾರೋ ಹೊಸಬ. ಫೋಟೋವನ್ನು ಬೆಳಕಿಗೆ ಹಿಡಿದು, "ಚೆಹ್ರಾ ಏಕ್‌ದಮ್ ಸಾಫ್ ಹೈ, ಬಾಯಿ" ಎಂದ. ಜನ ದೂರದಿಂದ ತೆಗೆದ ಫೋಟೋ ತರುತ್ತಾರೆ, ದೊಡ್ಡದು ಮಾಡಿದರೆ ಮುಖವೇ ಗುರುತು ಸಿಗುವುದಿಲ್ಲ, ಇದನ್ನು ತೆಗೆದವನು ತಿಳಿದವನು ಎಂದ.

ಮೊದಲಿನ ಯಜಮಾನರು ಎಲ್ಲಿ ಎಂದು ಕೇಳಿದೆ. ತಾಯಿ ಹೋದರೆಂದು ತಾರು ಬಂತು, ಊರಿಗೆ ಹೋದರು, ಅಲ್ಲಿಂದಲೇ ಅಂಗಡಿ ಮಾರಿದರು, ವರ್ಷದ ಹಿಂದೆ ಅವರೂ ತೀರಿಕೊಂಡರಂತೆ ಎಂದ. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತು ಗೊಳೋ ಎಂದು ಅತ್ತೆ. ಆ ಪುಣ್ಯಾತ್ಮ ನಾನು ಅಪ್ಪನಿಗಾಗಿ ಅಳುತ್ತಿದ್ದೇನೆಂದು ತಿಳಿದು ನೀರು ತಂದುಕೊಟ್ಟ. ಇರಲಿ ಎಂದು ನೀರು ಕುಡಿದೆ.

ಈಗ ನನಗೆ ಎಂಬತ್ತು ದಾಟಿದೆ. ಅವ್ವನ ಮುಖ ಎಷ್ಟು ಕಣ್ಣು ಮುಚ್ಚಿ ಕೂತರೂ ಬರುವುದಿಲ್ಲ. ಅಪ್ಪನದು, ಬೆಳಿಗ್ಗೆ ತಲೆ ಎತ್ತಿದರೆ ಸಾಕು, ಎದುರಿಗೇ ಗೋಡೆಯ ಮೇಲಿದೆ. ಒಂದೇ ಒಂದು ಸಲ ಒತ್ತಲು ಸಿಕ್ಕ ಅವಕಾಶವನ್ನು ಆ ಮನುಷ್ಯ ನನ್ನ ಅಪ್ಪನಿಗೆ ಕೊಟ್ಟರು. ಉಡುಪಿಯ ಕಡೆಯ ಆ ತಾಯಿ ರೈಲು ಹೇಗಿರುತ್ತದೆಂದು ನೋಡದೆಯೇ ಹೋದಳು.